ಅವಿವಾಹಿತ ತಂದೆಯ ಕರಕಲು ಟ್ರೇ

ಮದುವೆಗೆ ಮುಂಚೆಯೇ ಹನ್ನೆರಡು ಮಕ್ಕಳ ತಂದೆಯಾಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಥೇನ್‌ಗೆ ಬಂದಿತ್ತು. ಅದೂ ಬಿಷಪ್ಪರ ಸಂಪೂರ್ಣ ಒಪ್ಪಿಗೆಯ ಮೇಲೆ!

ಗಾಬರಿಯಾಗಬೇಡಿ. ಅಮೆರಿಕದ ಪ್ರೋವೋ ಊರಿನಲ್ಲಿ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಅವಿವಾಹಿತರ ಸಭೆಯಲ್ಲಿ ಹುಡುಗ ಹುಡುಗಿಯರನ್ನು ಒಂದೊಂದು 'ಸಂಸಾರ'ವಾಗಿ ಹಂಚಿ, ಪ್ರತಿ ಸಂಸಾರಕ್ಕೂ ಒಬ್ಬ ಅಪ್ಪ, ಒಬ್ಬಳು ಅಮ್ಮನನ್ನು ನೇಮಿಸುತ್ತಾರೆ. ಸೋಮವಾರ ಸಂಜೆ ಸಂಸಾರವೆಲ್ಲ ಸೇರಿ ಪ್ರಾರ್ಥನೆ, ಪಾಠ, ತಿಂಡಿ. ಥೇನ್ ಅಪ್ಪ, ಮಾರೆನ್ ಅಮ್ಮ. ಹಿರಿಯ ಮಗ ಕಿಪ್ ಅಪ್ಪನಿಗಿಂತ ಮೂರು ವರ್ಷಕ್ಕೆ ದೊಡ್ಡವನು, ನೆತ್ತಿಯ ಮೇಲೆ ಕೂದಲೂ ಅಷ್ಟಕ್ಕಷ್ಟೆ.

ಅಪ್ಪನ ಘನಕಾರ್ಯವೆಂದರೆ ಒರಗುಕುರ್ಚಿಯಲ್ಲಿ ಆಸೀನನಾಗಿ, "ಇವತ್ತು ಪ್ರಾರ್ಥನೆ ಯಾರು ಮಾಡ್ತೀರಾ?" ಎಂದು ಕೇಳುವುದು. ಉಳಿದ ಚಿಲ್ಲರೆ ಕೆಲಸವೆಲ್ಲ (ಎಲ್ಲರಿಗೂ ಫೋನ್ ಮಾಡಿ ಕರೆಯುವುದು, ಪಾಠ ಸಿದ್ಧಪಡಿಸುವುದು, ತಿಂಡಿ ಮಾಡುವುದು, ಆಮೇಲೆ ಪಾತ್ರೆ ತಿಕ್ಕುವುದು) ಅಮ್ಮನದು. "ಥೇನ್ ಎಷ್ಟು ಚೆನ್ನಾಗಿ ಸಂಸಾರ ತೂಗಿಸ್ತಾನೆ!" ಎಂದು ಸಭೆಯೆಲ್ಲ ಕೊಂಡಾಡುತ್ತಿತ್ತು. ಇರಬಹುದು ಎಂದು ಅವನಿಗೂ ಅನ್ನಿಸಿಬಿಟ್ಟಿತ್ತು.

ಇಂಥ ಥೇನ್‌ಗೆ ಮಾರೆನ್ ಮೇಲೆ ಮನಸ್ಸಾಯಿತು. ಸುಮ್ಮನೆ ಅಲ್ಲ, ರಾತ್ರಿ ನಿದ್ದೆ ಕೆಡುವಷ್ಟು. (ಹೋದ ಚಳಿಗಾಲದಲ್ಲಿ ಅವನು ಮೂವರು ಹುಡುಗಿಯರನ್ನು ಒಬ್ಬರಾದ ಮೇಲೊಬ್ಬರಂತೆ ಊಟಕ್ಕೆ ಕರೆದೊಯ್ದಾಗ ಬಿಷಪ್ಪರು, "ಶ್ರದ್ಧೆಯಿಂದ ಹುಡುಕ್ತಿದ್ದಾನೆ" ಎಂದು ಬೆನ್ನು ತಟ್ಟಿದ್ದರು. ಮಾರೆನ್ ಇಬ್ಬರ ಜೊತೆ ಹೋಗಿದ್ದಕ್ಕೆ, "ಪಾಪ, ಆ ಹುಡುಗಿಗೆ ಮನಸ್ಸೇ ನಿಲ್ತಿಲ್ಲ" ಅಂದಿದ್ದರು. ಅದಿರಲಿ.) ಒಂದು ಸೋಮವಾರ ಕೂಟ ಮುಗಿದ ಮೇಲೆ, ಮಾರೆನ್‌ಳ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಧೈರ್ಯ ಮಾಡಿ ಕೇಳಿದ.

"ಶುಕ್ರವಾರ ಊಟಕ್ಕೆ ಹೋಗೋಣ್ವಾ?"

ಮಾರೆನ್ ಪಾತ್ರೆ ತಿಕ್ಕುತ್ತಲೇ ಹೇಳಿದಳು. "ಮುಂದಿನ ಸೋಮವಾರ ನೀನು ಅಮ್ಮ ಆಗು, ನಾನು ಅಪ್ಪ ಆಗ್ತೀನಿ. ಆಮೇಲೆ ಕೇಳು."

"ಅಷ್ಟೇನಾ?" ಎಂದ ಥೇನ್, ಹಿಗ್ಗಿನಿಂದ.

"ಅಷ್ಟೇ," ಎಂದಳು ಮಾರೆನ್.

ಸೋಮವಾರ ಬಂತು. ಥೇನ್ ಅಂಗಡಿಯಿಂದ ಬ್ರೌನಿ ಎಂಬ ಚಾಕೊಲೇಟ್ ಕೇಕಿನ ಪುಡಿಯ ಪೊಟ್ಟಣ ತಂದು, ಮಾರೆನ್‌ಳ ಅಡುಗೆಮನೆಯಲ್ಲಿ ಕಲಸಿ, ಅವಳ ಟ್ರೇಗೆ ಸುರಿದು ಓವನ್ನಿಗೆ ತಳ್ಳಿ, ಮಕ್ಕಳಿಗೆ ಫೋನ್ ಮಾಡಲು ಕೂತ. ಒಬ್ಬಳಿಗೆ ತಲೆನೋವು, ಇನ್ನೊಬ್ಬನಿಗೆ ಕಾರಿಲ್ಲ, ಕಿಪ್‌ಗೆ ಐಸ್‌ಕ್ರೀಮ್ ಇರುತ್ತದೋ ಇಲ್ಲವೋ ಎಂಬ ಚಿಂತೆ. ಎಲ್ಲರನ್ನೂ ಒಪ್ಪಿಸುವಷ್ಟರಲ್ಲಿ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು.

ಬ್ರೌನಿಯ ಮೇಲ್ಭಾಗ ಬ್ರೌನಿಯಂತೆಯೇ ಇತ್ತು. ಕೆಳಭಾಗ ಇದ್ದಿಲು. ಅವನು ನಾಚಿಕೆಯಿಂದ ತಂದಿಟ್ಟ. ಕಿಪ್ ಒಂದು ತುಂಡು ಕಟಂ ಎಂದು ಕಡಿದು ಕಣ್ಣರಳಿಸಿದ. "ಇದನ್ನ ಅಪ್ಪ ಮಾಡಿದ್ದಾ? ಕೈಯಾರೆ?"

ಹುಡುಗಿಯರು ಕರಗಿಹೋದರು. ಆ ಹೊತ್ತಿಗೇ ಸಂಸಾರಗಳ ಯೋಗಕ್ಷೇಮ ನೋಡಲು ಬಂದಿದ್ದ ಬಿಷಪ್ಪರು ಇದ್ದಿಲನ್ನು ಕಷ್ಟಪಟ್ಟು ನುಂಗಿ, "ರುಚಿ ಮುಖ್ಯ ಅಲ್ಲ, ಮನಸ್ಸು ಮುಖ್ಯ" ಎಂದರು. ಜೊತೆಗೆ ಬಂದಿದ್ದ ಅವರ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಇವನನ್ನ ಕಟ್ಕೊಳ್ಳೋಳು ಅದೃಷ್ಟವಂತೆ ಬಿಡಿ!" ಎಂದರು.

ಒರಗುಕುರ್ಚಿಯಲ್ಲಿ ಕೂತಿದ್ದ ಮಾರೆನ್ (ಪಾಠದ ಕೆಲಸ ಮಾತ್ರ ಇವತ್ತೂ ಅವಳಿಗೇ ಬಿದ್ದಿತ್ತು) ಅದುವರೆಗೆ ಕ್ಷಮಾಗುಣದ ಬಗ್ಗೆ ಬಹಳ ಚೆನ್ನಾಗಿ ಪಾಠ ಮಾಡಿದ್ದಳು. ಬಿಷಪ್ಪರು ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಯಾಕಮ್ಮಾ, ಮೈಯಲ್ಲಿ ಹುಷಾರಿಲ್ವಾ? ಕೂತೇ ಇದ್ದೀಯಲ್ಲ?"

ಮಾರೆನ್‌ಳ ಮುಖ ಕಂಡು ಥೇನ್ ಎದ್ದು ನಿಂತ. "ಸಾಕು ನಿಲ್ಲಿಸಿ! ಇಷ್ಟು ತಿಂಗಳು ಮಾರೆನ್ ಸುಟ್ಟಿರದ ಬ್ರೌನಿ ಮಾಡಿ ಹಾಕಿದ್ಲು. ಒಬ್ರಾದ್ರೂ ಥ್ಯಾಂಕ್ಸ್ ಹೇಳಿದ್ರಾ? ನಾನೂ ಹೇಳ್ಲಿಲ್ಲ. ನಾಚಿಕೆ ಆಗ್ಬೇಕು ನನಗೆ!"

ಬಿಷಪ್ಪರ ಹೆಂಡತಿ ಕರ್ಚೀಫು ಹುಡುಕಿ ಕಣ್ಣೊರೆಸಿಕೊಂಡರು. "ಎಂಥಾ ವಿನಯ! ಗಂಡಸಾಗಿ ಎಲ್ರ ಮುಂದೆ ತಪ್ಪು ಒಪ್ಕೊಂಡ್ನಲ್ಲಾ!" ಚಪ್ಪಾಳೆ ಬಿತ್ತು. ಮಾರೆನ್‌ಗೆ ಮಾತ್ರ ಆಗಲೂ ಯಾರೂ ಥ್ಯಾಂಕ್ಸ್ ಹೇಳಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಹೋದಳು. ಥೇನ್ ಹಿಂದೆಯೇ ಓಡಿದ.

"ನಾನೇನ್ ಮಾಡ್ಲಿ ಮಾರೆನ್? ಸುಟ್ರೂ ಹೊಗಳ್ತಾರೆ, ನಿಜ ಹೇಳಿದ್ರೂ ಹೊಗಳ್ತಾರೆ!"

ಅಳಬೇಕೋ ನಗಬೇಕೋ ತಿಳಿಯದೆ ಮಾರೆನ್ ಕರಕಲು ಟ್ರೇಯನ್ನು ಅವನ ಕೈಗೆ ತುರುಕಿದಳು. "ಇದನ್ನ ತಿಕ್ಕು. ಬಾಗಿಲು ಹಾಕ್ಕೊಂಡು. ಯಾರೂ ನೋಡ್ಬಾರ್ದು, ಯಾರಿಗೂ ಹೇಳ್ಬಾರ್ದು. ನಾನು ಪ್ರತಿ ವಾರ ತಿಕ್ತಿದ್ನಲ್ಲ, ಹಾಗೆ. ತಿಕ್ಕಿದ್ರೆ ಶುಕ್ರವಾರ ಬರ್ತೀನಿ."

ಥೇನ್ ಬಾಗಿಲು ಹಾಕಿಕೊಂಡು ತೋಳು ಮಡಚಿದ. ನೊರೆ ಮೊಣಕೈವರೆಗೆ ಬಂದಿತ್ತಷ್ಟೆ, ನೀರು ಕುಡಿಯಲು ಬಂದ ಬಿಷಪ್ಪರ ಹೆಂಡತಿ ಬಾಗಿಲು ತಳ್ಳಿದರು.

"ಅಯ್ಯಯ್ಯೋ, ಬನ್ರೇ ನೋಡ್ರೇ! ತಿಕ್ತಾ ಇದ್ದಾನೆ!"

ಹನ್ನೆರಡು ಮಕ್ಕಳೂ ನುಗ್ಗಿದರು. ಕಿಪ್ ಫೋಟೊ ತೆಗೆದ. ಥೇನ್ ನೊರೆಗೈಯನ್ನು ಅಡ್ಡ ಹಿಡಿದು ಗೋಗರೆದ. "ದಯವಿಟ್ಟು ಹೊಗಳ್ಬೇಡಿ! ನಾನಾಗಿ ತಿಕ್ತಿಲ್ಲ, ಮಾರೆನ್ ತಿಕ್ಕು ಅಂದ್ಲು, ಅದಕ್ಕೇ!"

ಎಲ್ಲರ ಕಣ್ಣೂ ಮಾರೆನ್ ಕಡೆ ತಿರುಗಿತು.

"ಬೇಯ್ಸಿದ್ದೂ ಅವನೇ, ತಿಕ್ಕೋದೂ ಅವನೇನಾ?" ಬಿಷಪ್ಪರು ನೊಂದು ನುಡಿದರು. "ನೀನೂ ಸ್ವಲ್ಪ ಕೈ ಹಾಕ್ಬಾರ್ದಾ ಮಗಳೇ?"

ಮಾರೆನ್ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾನು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು ಎಂದು ಥೇನ್ ನಾಲ್ಕು ದಿನ ಯೋಚಿಸಿದ. ಸುಳ್ಳೇನೂ ಇರಲಿಲ್ಲ. ಅದೇ ಅವನಿಗೆ ಅರ್ಥವಾಗದ ವಿಷಯ.

ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದರೆ ಅವನ ಬಾಗಿಲ ಮುಂದೆ, ಸಭೆಯ ಹುಡುಗಿಯರು ರಿಬ್ಬನ್ ಕಟ್ಟಿ ಇಟ್ಟುಹೋದ ಬಿಸ್ಕತ್ತಿನ ತಟ್ಟೆಗಳ ಸಾಲೇ ಇತ್ತು. ಕೊನೆಯಲ್ಲಿ, ರಿಬ್ಬನ್ ಇಲ್ಲದೆ, ಮಾರೆನ್‌ಳ ಟ್ರೇ. ಕರಕಲು ಹಾಗೆಯೇ ಇತ್ತು. ಇನ್ನೊಂದು ಅವಕಾಶ! ಥೇನ್ ಬಿಸ್ಕತ್ತುಗಳನ್ನು ಅಲ್ಲೇ ಬಿಟ್ಟು, ಟ್ರೇಯನ್ನು ಎದೆಗವಚಿಕೊಂಡು ಒಳಗೆ ಹೋಗಿ, ಚಿಲಕ ಹಾಕಿ, ಕಿಟಕಿಯ ಪರದೆ ಎಳೆದು ತಿಕ್ಕತೊಡಗಿದ. ಸೋಪು ಹಾಕಿದ, ಚಮಚದಿಂದ ಕೆರೆದ. ಕರಕಲು ಜಪ್ಪಯ್ಯ ಎನ್ನಲಿಲ್ಲ.

ಹೇಗೆ ತೆಗೆಯುವುದೆಂದು ಹೆತ್ತಮ್ಮನನ್ನೇ ಕೇಳೋಣವೆಂದು ಫೋನ್ ಎತ್ತಿಕೊಂಡ. ಅರ್ಧ ನಂಬರಿಗೇ ಬೆರಳು ನಿಂತಿತು. ಮಗ ಪಾತ್ರೆ ತಿಕ್ಕುತ್ತಾನೆಂದು ಗೊತ್ತಾದರೆ ಅವಳು ಸುಮ್ಮನಿರುತ್ತಾಳೆಯೇ? ಊರಿಗೆಲ್ಲ ಹೇಳಿ ಹೊಗಳಿಬಿಡುತ್ತಾಳೆ.