ಆಫ್ ಮಾಡಬೇಡಿ!

ಹಳೇ ಮೋಟಾರ್ ಸೈಕಲ್ಲನ್ನು ಹತ್ತಿರದಲ್ಲೇ ಕೊಳ್ಳುವವನಷ್ಟು ದಡ್ಡ ಇನ್ನೊಬ್ಬನಿಲ್ಲ ಎಂಬುದು ಪಿಟೀಲು ಮೇಷ್ಟರ ಸಿದ್ಧಾಂತವಾಗಿತ್ತು. ಗಾಡಿ ಚೆನ್ನಾಗಿದ್ದರೆ ಪಕ್ಕದ ಮನೆಯವನೇ ಕೊಂಡುಬಿಡುತ್ತಿದ್ದ. ಅವನು ಕೊಂಡಿಲ್ಲವೆಂದರೆ ಅದರ ರೋಗರುಜಿನವೆಲ್ಲ ಅವನಿಗೆ ಗೊತ್ತಿದೆ ಎಂದೇ ಅರ್ಥ. ಆದ್ದರಿಂದ ಗಾಡಿ ದೂರವಿದ್ದಷ್ಟೂ ಒಳ್ಳೆಯದು. (ದೂರದ ಊರಲ್ಲೂ ಪಕ್ಕದ ಮನೆಯವರು ಇರ್ತಾರಲ್ಲ ಎಂದು ಅವರ ಹೆಂಡತಿ ಒಮ್ಮೆ ಕೇಳಿದ್ದರು. ಮೇಷ್ಟ್ರು ಅದಕ್ಕೆ ಪಿಟೀಲಿನ ತಂತಿ ಬಿಗಿ ಮಾಡುತ್ತಾ ಕೂತರು.)

ಈ ಸಿದ್ಧಾಂತದ ಬೆನ್ನು ಹತ್ತಿ ಆ ವರ್ಷವಿಡೀ ಮೇಷ್ಟ್ರು ರೈಲು ಹತ್ತಿದ್ದೇ ಹತ್ತಿದ್ದು. ಒಂದೂರಿಗೆ ಹೋದರೆ ಗಾಡಿ ಆಗಲೇ ಮಾರಿಹೋಗಿತ್ತು. ಇಷ್ಟು ದೂರ ಬಂದು ಬರಿಗೈಲಿ ಹೋಗಬಾರದೆಂದು ಆ ಮನೆಯವರು ಮೇಷ್ಟರಿಗೆ ಒಂದು ಹಳೇ ಛತ್ರಿಯನ್ನು ಮಾರಿ ಕಳಿಸಿದರು. ಇನ್ನೊಂದೂರಿನಲ್ಲಿ ನಿಜವಾಗಿ ಮಾರಾಟಕ್ಕಿದ್ದದ್ದು ಒಂದು ನೀರೆತ್ತುವ ಮೋಟಾರು, ಒಂದು ಸೈಕಲ್ಲು. ಪತ್ರಿಕೆಯವರು ಜಾಹೀರಾತಿನ ನಡುವೆ ಹಾಕಿದ್ದ ಅಲ್ಪವಿರಾಮವನ್ನು ಮೇಷ್ಟ್ರು ಶಾಯಿಯ ಚುಕ್ಕೆ ಎಂದುಕೊಂಡಿದ್ದರು. ಮತ್ತೊಂದು ಕಡೆ ಗಾಡಿಯೂ ಇತ್ತು, ಮಾರುವ ಮನಸ್ಸೂ ಇತ್ತು. ಆದರೆ ಮೇಷ್ಟ್ರು ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿ, "ಇದು ಪೂರ್ತಿ ಅಪಸ್ವರ" ಎಂದು ತೀರ್ಪು ಕೊಟ್ಟದ್ದರಿಂದ ಗಾಡಿಯ ಯಜಮಾನ ಅವರನ್ನು ಗೇಟಿನಿಂದಾಚೆಗೆ ಬಿಟ್ಟುಬಂದ.

ಹೌದು, ಮೇಷ್ಟ್ರು ಗಾಡಿಯನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ನೋಡುತ್ತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸುವ ಅವರಿಗೆ ತಮ್ಮ ಕಿವಿಯ ಮೇಲೆ ಅಪಾರ ಗೌರವ. ಸೂಜಿ ಬಿದ್ದರೆ ಅದು ಯಾವ ಸ್ವರದಲ್ಲಿ ಬಿತ್ತು ಎಂದು ಹೇಳಬಲ್ಲೆ ಎನ್ನುತ್ತಿದ್ದರು. ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಬೀದಿಗೆಲ್ಲ ಅವರು ಟೈಲರಮ್ಮ. ಅಲ್ಲಿ ದಿನವೂ ಸೂಜಿಗಳು ಬೀಳುತ್ತಿದ್ದವು. ಹುಡುಕಿಕೊಡುವುದಕ್ಕೆ ಮಾತ್ರ ಮೇಷ್ಟ್ರು ಬಂದದ್ದಿಲ್ಲ.

"ಈ ಸಲ ನಾನೂ ಬರ್ತೀನಿ," ಎಂದರು ಟೈಲರಮ್ಮ, ಮುಂದಿನ ಜಾಹೀರಾತಿಗೆ ಮೇಷ್ಟ್ರು ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿದಾಗ.

"ನೀನ್ಯಾಕೆ? ಗಾಡಿ ವಿಷಯ ನಿನಗೇನು ಗೊತ್ತು?"

"ಗಾಡಿ ಗೊತ್ತಿಲ್ಲ ರೀ, ನೀವು ಗೊತ್ತು. ಮಿಷನ್ ತುಳಿದು ತುಳಿದು ದುಡ್ಡು ಕೂಡಿಟ್ಟಿದ್ದು ನನ್ನ ಕಾಲು. ಅದು ಹೋಗಿ ಇನ್ನೊಂದು ಛತ್ರಿ ಆಗಬಾರದು."

ಹೀಗೆ ಸತಿಪತಿಗಳ ದಿಗ್ವಿಜಯ ಯಾತ್ರೆ ಹೊರಟಿತು. ರಾತ್ರಿಯೆಲ್ಲ ರೈಲು, ಬೆಳಗಾದ ಮೇಲೆ ಬಸ್ಸು, ಬಸ್ಸು ಮುಂದೆ ಹೋಗಲ್ಲ ಎಂದ ಕಡೆಯಿಂದ ಕಾಲ್ನಡಿಗೆ. ಊರಾಚೆಯ ಒಂದು ಅಚ್ಚುಕಟ್ಟಾದ ಮನೆಯ ಅಂಗಳದಲ್ಲಿ ನಿವೃತ್ತ ಪೋಸ್ಟ್ ಮಾಸ್ಟರರೊಬ್ಬರು, ಬರುವವರಿಗೆ ತಡವಾಗದಿರಲೆಂದು ಮೋಟಾರ್ ಸೈಕಲ್ಲನ್ನು ಆಗಲೇ ಚಾಲೂ ಮಾಡಿ ನಿಲ್ಲಿಸಿದ್ದರು. ಕಪ್ಪು ಬಣ್ಣ, ಹೊಳೆಯುವ ಟ್ಯಾಂಕು, ಎರಡೂ ಪಕ್ಕಕ್ಕೆ ಬೀಗದ ಡಬ್ಬಿಗಳು. ಗುಡುಗುಡು ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು.

ಮೇಷ್ಟ್ರು ಕಣ್ಣು ಮುಚ್ಚಿದರು. ತಲೆ ತೂಗಿದರು. ತೊಡೆಯ ಮೇಲೆ ತಾಳ ಹಾಕಿದರು.

"ಆಹಾ! ಎಂಥ ಶಾರೀರ!"

"ಶರೀರವೂ ಗಟ್ಟಿಮುಟ್ಟು ಸಾರ್!" ಎಂದು ಪೋಸ್ಟ್ ಮಾಸ್ಟರರು ಎಂಜಿನ್ನಿನ ಸದ್ದನ್ನು ಮೀರಿ ಕೂಗಿದರು. "ಮೊನ್ನೆ ತಾನೇ ಬಣ್ಣ ಹೊಡೆಸಿದ್ದೀನಿ!"

ಟೈಲರಮ್ಮ ಸೀಟಿನ ಹೊಲಿಗೆಯನ್ನು ಎಳೆದು ನೋಡಿದರು. ಬಿಗಿಯಾಗಿತ್ತು. ಸೀಟು ಇಷ್ಟು ಚೆನ್ನಾಗಿ ಹೊಲಿಸಿದವರು ಮೋಸಗಾರರಾಗಿರಲಾರರು ಎಂದು ಅವರಿಗೂ ಅನಿಸಿತು. ವ್ಯಾಪಾರ ಕುದುರಿತು. ಕಾಗದಪತ್ರ ಕೈಗೆ ಬಂತು. ಪೋಸ್ಟ್ ಮಾಸ್ಟರರ ಹೆಂಡತಿ ಟೈಲರಮ್ಮನ ಎರಡೂ ಕೈ ಹಿಡಿದು ನಗುತ್ತಾ ಏನೇನೋ ಹೇಳಿದರು. ಗಾಡಿಯ ಆರ್ಭಟದಲ್ಲಿ ಒಂದಕ್ಷರವೂ ತಿಳಿಯದೆ ಟೈಲರಮ್ಮನೂ ನಗುತ್ತಾ ತಲೆಯಾಡಿಸಿದರು. ಗಾಡಿ ಗೇಟು ದಾಟುವಾಗ ಪೋಸ್ಟ್ ಮಾಸ್ಟರರು ಹಿಂದಿನಿಂದ ಓಡಿಬಂದು, ಬಾಯಿಗೆ ಕೈ ಅಡ್ಡ ಹಿಡಿದು ಏನೋ ಕೂಗಿದರು. ಮೇಷ್ಟ್ರು ಅರ್ಥವಾಯಿತೆಂದು ಹೆಬ್ಬೆರಳು ಎತ್ತಿ ತೋರಿಸಿದರು.

"ಏನಂದ್ರು ರೀ ಅವರು?" ಸ್ವಲ್ಪ ದೂರ ಹೋದ ಮೇಲೆ ಟೈಲರಮ್ಮ ಕೇಳಿದರು.

"ದಾರೀಲಿ ಎಲ್ಲೂ ಆಫ್ ಮಾಡಬೇಡಿ ಅಂದ್ರು."

"ಆಫ್ ಮಾಡಬಾರದಾ? ಯಾಕಂತೆ?"

ಯಾಕೆ ಎಂದು ಮೇಷ್ಟರಿಗೂ ಹೊಳೆದಿರಲಿಲ್ಲ. ಆದರೆ ಗಂಡನಾದವನು ಅದನ್ನು ಹೇಳಿಕೊಳ್ಳುವಂತಿಲ್ಲ. "ನೋಡು, ಹಾಡುವಾಗ ಮಧ್ಯೆ ನಿಲ್ಲಿಸಿಬಿಟ್ಟರೆ ಮತ್ತೆ ಶ್ರುತಿ ಹಿಡಿಯೋದು ಕಷ್ಟ. ಇದೂ ಹಾಗೇ."

"ಹಾಗಂದ್ರೆ, ನಿಂತರೆ ಮತ್ತೆ ಹೊರಡಲ್ಲ ಅಂತ ತಾನೇ? ಅದಕ್ಕೇ ನಾವು ಬರೋಕ್ ಮುಂಚೆಯೇ ಚಾಲೂ ಮಾಡಿಟ್ಟಿದ್ದು! ತಿರುಗಿಸಿ ರೀ ಗಾಡಿನ, ವಾಪಸ್ ಕೊಟ್ಟುಬರೋಣ!"

"ತಿರುಗಿಸೋಕೆ ನಿಧಾನ ಮಾಡಬೇಕು. ನಿಧಾನ ಮಾಡಿದರೆ ನಿಂತರೂ ನಿಲ್ಲಬಹುದು," ಎಂದರು ಮೇಷ್ಟ್ರು. ತಾವು ಮೋಸ ಹೋದೆವೆಂದು ಒಪ್ಪಿಕೊಳ್ಳುವುದಕ್ಕಿಂತ ಜೀವಮಾನವಿಡೀ ಗಾಡಿ ಓಡಿಸುತ್ತಲೇ ಇರುವುದು ಅವರಿಗೆ ಸುಲಭವಾಗಿ ಕಂಡಿತು.

ಮಧ್ಯಾಹ್ನದ ಹೊತ್ತಿಗೆ ಹಸಿವು ಶುರುವಾಯಿತು. ರಸ್ತೆ ಪಕ್ಕದ ಹೋಟೆಲಿನ ಮುಂದೆ ಗಾಡಿ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಕೈಯಲ್ಲಿನ ಆಕ್ಸಿಲರೇಟರ್ ಸಡಿಲ ಬಿಟ್ಟರೆ ಗಾಡಿ ಕೆಮ್ಮುತ್ತಿದ್ದ ಹಾಗೆ ಮೇಷ್ಟರಿಗೆ ಕೇಳಿಸುತ್ತಿತ್ತು. ಕೆಮ್ಮಿದೊಡನೆ ಅದನ್ನು ಮತ್ತೆ ಬಿಗಿಯಾಗಿ ತಿರುಗಿಸುತ್ತಿದ್ದರು. ಕೊನೆಗೆ ಟೈಲರಮ್ಮ ತಟ್ಟೆಯನ್ನು ಬೀದಿಗೇ ತಂದು, ಸೀಟಿನ ಮೇಲೆ ಕೂತ ಗಂಡನಿಗೆ ತುತ್ತು ಮಾಡಿ ತಿನ್ನಿಸತೊಡಗಿದರು. ಜನ ಸುತ್ತ ಸೇರಿದರು. ಒಬ್ಬ ಅಜ್ಜಿ ತನ್ನ ಗಂಡನ ಪಕ್ಕೆಗೆ ತಿವಿದು, "ನೋಡಿ ಕಲೀರಿ, ಹೆಂಗಿದ್ದಾರೆ ಗಂಡ ಹೆಂಡತಿ!" ಎಂದಳು.

"ಹೆಂಡತಿ ತಾನೇ ತಿನ್ನಿಸ್ತಿರೋದು? ನೀನು ನೋಡಿ ಕಲಿ," ಎಂದ ಅಜ್ಜ. ಅವರಿಬ್ಬರ ಜಗಳ ಹತ್ತಿಕೊಂಡಿತು.

"ಬಾಯಿ ದೊಡ್ಡದಾಗಿ ತೆಗೀರಿ," ಎಂದು ಟೈಲರಮ್ಮ ಹಲ್ಲು ಕಚ್ಚಿಕೊಂಡು ಹೇಳಿದರು. "ಜನಕ್ಕೆ ಇದು ಪ್ರೀತಿ ಅಂತೆ."

ಪೆಟ್ರೋಲ್ ಬಂಕಿನಲ್ಲಿ ಕಷ್ಟ ಇನ್ನೂ ದೊಡ್ಡದಾಯಿತು. ಎಂಜಿನ್ ಆಫ್ ಮಾಡಿ ಎಂದ ಬಂಕಿನವನು. ಆಗಲ್ಲ ಎಂದರು ಮೇಷ್ಟ್ರು. ಆಗಲೇಬೇಕು ಎಂದು ಅವನು ಗೋಡೆಯ ಮೇಲಿನ ಬೋರ್ಡು ತೋರಿಸಿದ. ಟೈಲರಮ್ಮ ಕೆಳಗಿಳಿದು ಅವನಿಂದ ಒಂದು ಡಬ್ಬ ಎರವಲು ಪಡೆದು ಪೆಟ್ರೋಲ್ ತುಂಬಿಸಿಕೊಳ್ಳುವವರೆಗೆ, ಮೇಷ್ಟ್ರು ಎದುರಿಗಿದ್ದ ವೃತ್ತವನ್ನು ಸುತ್ತುತ್ತಲೇ ಇದ್ದರು. ಅಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸಿನವನು ಮೊದಮೊದಲು ಸುಮ್ಮನೆ ನೋಡಿದ. ಆಮೇಲೆ ಅನುಮಾನ ಪಟ್ಟ. ಕಡೆಗೆ ಕನಿಕರ ಹುಟ್ಟಿ, ಮೇಷ್ಟ್ರು ತನ್ನೆದುರು ಹಾದಾಗಲೆಲ್ಲ ಒಂದೊಂದು ಪ್ರಶ್ನೆ ಕೇಳತೊಡಗಿದ.

"ಎಲ್ಲಿಗೆ ಹೋಗಬೇಕು?"

ಮೇಷ್ಟ್ರು ಒಂದು ಸುತ್ತು ಹಾಕಿ ಬಂದು, "ಮನೆಗೆ!" ಎಂದರು.

"ದಾರಿ ಗೊತ್ತಿಲ್ವಾ?"

ಇನ್ನೊಂದು ಸುತ್ತು. "ಗೊತ್ತಿದೆ!"

"ಮತ್ತೆ ಹೋಗ್ರೀ!"

"ಹೆಂಡತಿ ಬರಬೇಕು!"

ಇದನ್ನು ಕೇಳಿ ಪೊಲೀಸಿನವನ ಮುಖ ಒಮ್ಮೆಲೇ ಮೃದುವಾಯಿತು. ಅವನೂ ಸಂಸಾರಸ್ಥನಿರಬೇಕು, ಮೇಷ್ಟರ ಸುತ್ತಿಗೆ ಅಡ್ಡಿಯಾಗದಂತೆ ಉಳಿದ ವಾಹನಗಳನ್ನೆಲ್ಲ ತಡೆದು ನಿಲ್ಲಿಸಿದ. ಟೈಲರಮ್ಮ ಡಬ್ಬ ಹಿಡಿದು ಬಂದರು. ಎಂಜಿನ್ ಓಡುತ್ತಿರುವಾಗಲೇ ಟ್ಯಾಂಕಿಗೆ ಪೆಟ್ರೋಲ್ ಹುಯ್ಯುವುದು ಹುಚ್ಚು ಸಾಹಸವೆಂದು ಅವರಿಗೆ ಗೊತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇದೇನು ಮಹಾ ಎಂದುಕೊಂಡು, ದೂರದಿಂದಲೇ ಕೈ ಚಾಚಿ ಹುಯ್ದರು.

ಹೊತ್ತು ಮುಳುಗುವ ಹೊತ್ತಿಗೆ ಗಾಡಿ ಮನೆಯ ಮುಂದೆ ಬಂದು ನಿಂತಿತು. ಮೇಷ್ಟರ ತಾಯಿ ಹೊಸಿಲಿಗೆ ಬಂದರು.

"ಬಂದ್ರಾ! ಸಾಕು ಮಗೂ, ಅದನ್ನ ನಿಲ್ಲಿಸಿ ಒಳಗೆ ಬಾ."

"ನಿಲ್ಲಿಸಬಾರದಮ್ಮಾ! ಬೆಳಗ್ಗೆ ಮೆಕ್ಯಾನಿಕ್ ಬಾಗಿಲು ತೆಗೆಯೋವರೆಗೂ ಇದು ಓಡ್ತಾನೇ ಇರಬೇಕು. ಸರದಿ ಮೇಲೆ ಕೂರೋಣ. ನನ್ನ ಕೈ ಬಿದ್ದುಹೋಗಿದೆ. ಒಂದು ಗಳಿಗೆ ನೀನು ಹಿಡ್ಕೋ."

ಮಗ ಹೇಳಿದ್ದಕ್ಕೆ ಎಂದೂ ಇಲ್ಲವೆನ್ನದ ತಾಯಿ, ಸೊಸೆಯ ಭುಜ ಹಿಡಿದು ಮೋಟಾರ್ ಸೈಕಲ್ಲಿನ ಮೇಲೆ ಆಸೀನರಾದರು. ಮೊದಲು ಅಂಜುತ್ತಾ ಹಿಡಿ ತಿರುಗಿಸಿದರು. ಗಾಡಿ ಗರ್ಜಿಸಿತು. ಅವರಿಗೆ ಹಿಡಿಸಿತು. ಇನ್ನಷ್ಟು ತಿರುಗಿಸಿದರು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಟೈಲರಮ್ಮ ಮೇಷ್ಟರನ್ನು ಒಳಗೆ ತಳ್ಳಿ, ತಾವೂ ಹಿಂದೆಯೇ ಹೋಗಿ ಫೋನಿಗೆ ಕಿವಿಗೊಟ್ಟು ನಿಂತರು. ಆ ಕಡೆ ಪೋಸ್ಟ್ ಮಾಸ್ಟರರು.

"ಸುಖವಾಗಿ ತಲುಪಿದ್ರಾ ಸಾರ್? ಊಟ ರುಚಿಯಾಗಿತ್ತಾ?"

"ಯಾವ ಊಟ?"

"ಅಯ್ಯೋ, ನಮ್ಮಾಕೆ ನಿಮ್ಮಿಬ್ಬರಿಗೂ ಬುತ್ತಿ ಕಟ್ಟಿ ಬಲಗಡೆ ಡಬ್ಬಿಯಲ್ಲಿಟ್ಟಿದ್ದಳಲ್ಲ! ಅದಕ್ಕೇ ತಾನೇ ನಾನು ಗೇಟಿನ ಹತ್ತಿರ ಕೂಗಿ ಹೇಳಿದ್ದು, ದಾರೀಲಿ ಎಲ್ಲೂ ಊಟ ಮಾಡಬೇಡಿ ಅಂತ! ನೀವು ಹೆಬ್ಬೆರಳು ಬೇರೆ ಎತ್ತಿದ್ರಿ!"

ಮೇಷ್ಟ್ರು ಫೋನನ್ನು ಮೆಲ್ಲಗೆ ಇಟ್ಟರು. ಟೈಲರಮ್ಮ ಏನೂ ಹೇಳಲಿಲ್ಲ. (ಹೇಳಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರು ಆಮೇಲೆ ಬಹಳ ಸಲ ಅಂದುಕೊಂಡರು.) ಅವರು ಹೊರಗೆ ಹೋಗಿ, ಅತ್ತೆಯನ್ನು ಕೆಳಗಿಳಿಸಿ, ಕೀಲಿ ತಿರುಗಿಸಿ ಗಾಡಿ ಆಫ್ ಮಾಡಿದರು. ಬೀದಿ ನಿಶ್ಶಬ್ದವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನವೂ ಮಿಷನ್ ತುಳಿಯುವ ಕಾಲಿನಿಂದ ಒಂದೇ ಒಂದು ಸಲ ಒದ್ದರು. ಗಾಡಿ ಗುಡುಗುಡು ಎಂದು ಎದ್ದಿತು. ಮತ್ತೆ ಆಫ್ ಮಾಡಿದರು. ಮತ್ತೆ ಒದ್ದರು. ಮತ್ತೆ ಎದ್ದಿತು. ಬಲಗಡೆಯ ಡಬ್ಬಿ ತೆಗೆದರೆ ಒಳಗೆ ಅಚ್ಚುಕಟ್ಟಾಗಿ ಬಟ್ಟೆ ಸುತ್ತಿದ ಬುತ್ತಿ, ಜೊತೆಗೆ ಎರಡು ಚಮಚ, ಕೈ ಒರೆಸಿಕೊಳ್ಳಲು ಇಸ್ತ್ರಿ ಮಾಡಿದ ಎರಡು ಕರವಸ್ತ್ರ.

"ನಾಳೆ ಕಿವಿ ಡಾಕ್ಟರ ಹತ್ತಿರ ಹೋಗ್ತಿದ್ದೀವಿ," ಎಂದರು ಟೈಲರಮ್ಮ.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಕನ್ನಡಕ ಬದಲಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಇಕ್ಕಳ ಹಾಕಿ ಎಳೆದರು. ಬಂತು ನೋಡಿ, ಎಡಗಿವಿಯಿಂದ ಒಂದು, ಬಲಗಿವಿಯಿಂದ ಒಂದು, ಕಾಲಾಂತರದಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಹತ್ತಿಯ ಉಂಡೆ!

"ಇದನ್ನ ಯಾವಾಗ ಹಾಕ್ಕೊಂಡ್ರಿ?"

ಮೇಷ್ಟ್ರು ಯೋಚಿಸಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಮೊದಲ ಸಲ ಪಿಟೀಲಿಗೆ ಕಮಾನು ತಾಕಿಸಿದ ದಿನ, ಪ್ರಾಣ ಉಳಿಸಿಕೊಳ್ಳಲು ಕಿವಿಗೆ ಏನೋ ತುರುಕಿಕೊಂಡ ನೆನಪು. ತೆಗೆದ ನೆನಪು ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.

ಹೊರಗೆ ಬಂದರೆ ಜಗತ್ತು ಬೇರೆಯಾಗಿತ್ತು. ಚಪ್ಪಲಿ ಕಿರುಗುಟ್ಟುತ್ತಿತ್ತು. ಬಸ್ಸುಗಳು ಅರಚುತ್ತಿದ್ದವು. ಕಪ್ಪು ಬಣ್ಣದ ಆ ಮೋಟಾರ್ ಸೈಕಲ್ಲಿನ ದಿವ್ಯ ಶಾರೀರವಂತೂ ಡಬ್ಬದೊಳಗೆ ಕಲ್ಲು ಕುಲುಕಿದ ಹಾಗಿತ್ತು. ಮನೆಗೆ ಬಂದು ಮೇಷ್ಟ್ರು ಪಿಟೀಲು ಕೈಗೆತ್ತಿಕೊಂಡು ಒಂದು ಸಾಲು ನುಡಿಸಿದರು. ನಿಲ್ಲಿಸಿದರು. ಪಿಟೀಲನ್ನು ತಿರುಗಿಸಿ ಹಿಂದೆ ಮುಂದೆ ನೋಡಿದರು. ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

ಇರಲಿ, ಒಂದು ಸಮಾಧಾನವಾದರೂ ಇತ್ತು. ಟೈಲರಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಏನನ್ನೋ ಗುನುಗುವುದು ಮದುವೆಯಾದಂದಿನಿಂದಲೂ ಇದ್ದ ಅಭ್ಯಾಸ. ನನ್ನ ಸಹವಾಸದಿಂದ ಇವಳಿಗೂ ಸಂಗೀತ ಹತ್ತಿದೆ ಎಂದು ಮೇಷ್ಟ್ರು ಶಾಲೆಯಲ್ಲಿ ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು. ಇವತ್ತಾದರೂ ಆ ರಾಗ ಯಾವುದೆಂದು ಸರಿಯಾಗಿ ಕೇಳಬೇಕೆಂದು, ಅವರು ಸದ್ದಿಲ್ಲದೆ ಹೋಗಿ ಅಡುಗೆಮನೆಯ ಬಾಗಿಲಿನ ಪಕ್ಕ ನಿಂತರು.

ರಾಗವಲ್ಲ. ಮಾತು. ಸ್ಪಷ್ಟವಾದ, ನಿಧಾನವಾದ, ಒಂದೇ ಲಯದ ಮಾತು.

"ತಟ್ಟೆ ಎತ್ತಿದ್ರೆ ಬೆರಳು ನೋಯುತ್ತಂತೆ, ಕಲಾವಿದರ ಬೆರಳಂತೆ... ಉಂಡು ಎದ್ದ ಜಾಗ ನೋಡಿದ್ರೆ ಮಾತ್ರ ಆನೆ ಉಂಡು ಹೋದಂಗೆ... ಒಗೆದ ಅಂಗಿ ಎಲ್ಲಿ ಅಂತ ಕೇಳ್ತಾರೆ, ಒಗೆದೋರು ಎಲ್ಲಿ ಅಂತ ಕೇಳಲ್ಲ..."

ಒಂದೊಂದು ಸಾಲಿನ ಕೊನೆಗೂ ಪಕ್ಕದ ಕೋಣೆಯಿಂದ ಹಿಮ್ಮೇಳ ಬರುತ್ತಿತ್ತು. "ಸರಿಯಾಗಿ ಹೇಳಿದೆ ಕಣಮ್ಮ, ಅವರಪ್ಪನೂ ಹೀಗೇ ಇದ್ರು." ಅದು ಮೇಷ್ಟರ ಹೆತ್ತ ತಾಯಿಯ ದನಿ. ಇಬ್ಬರಿಗೂ ಒಳ್ಳೆಯ ಹೊಂದಾಣಿಕೆ ಇತ್ತು. ಬಹಳ ವರ್ಷಗಳ ಅಭ್ಯಾಸವಿಲ್ಲದೆ ಅಂಥ ಮೇಳ ಕೂಡಿಬರುವುದಿಲ್ಲ.

ಟೈಲರಮ್ಮ ತಿರುಗಿ ನೋಡಿದರು.

"ರೀ! ಯಾವಾಗ ಬಂದ್ರಿ? ಏನಾದ್ರೂ ಕೇಳಿಸ್ತಾ?"

"ಇಲ್ಲ ಕಣೇ," ಎಂದರು ಮೇಷ್ಟ್ರು. "ಮನೇಲಿ ಹತ್ತಿ ಎಲ್ಲಿಟ್ಟಿದ್ದೀಯ?"