ಮುಕ್ಕಾಲು ಸಾಹೇಬರ ಪೂರ್ತಿ ಓಟ

"ಈ ವರ್ಷ ನಾನೊಂದು ಕೆಲಸ ಪೂರ್ತಿ ಮುಗಿಸ್ತೀನಿ. ಮುಗಿಸದೇ ಇದ್ರೆ ಕೇಳು!"

ಊಟದ ಮೇಜಿನ ಮುಂದೆ ಎದೆಯುಬ್ಬಿಸಿ ಹೀಗೆ ಘೋಷಿಸಿದವರು ಕನ್ನಡಕದ ಅಂಗಡಿಯ ಯಜಮಾನರು. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ಶಾಲೆಯಲ್ಲಿ ಗಣಿತ ಕಲಿಸುವ ಅವರ ಹೆಂಡತಿ. ಇನ್ನೊಬ್ಬರು ಆಕೆಯ ತಾಯಿ, ಅಂದರೆ ಸಾಹೇಬರ ಅತ್ತೆ. ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತಲಿಲ್ಲ. ಅತ್ತೆ ಅಳಿಯನ ಮುಖ ಬಿಟ್ಟು ಅವರ ಬೆನ್ನ ಹಿಂದಿದ್ದ ಕಪಾಟನ್ನು ನೋಡಿದರು.

ಆ ಕಪಾಟಿಗೆ ಬಣ್ಣ ಹೊಡೆಯಲು ಹೊರಟ ಸಾಹೇಬರು ಮೇಲಿನ ಮೂರು ಖಾನೆಗಳನ್ನು ಬಹಳ ಚೆನ್ನಾಗಿ ಮುಗಿಸಿದ್ದರು. ನಾಲ್ಕನೆಯದಕ್ಕೆ ಬಗ್ಗಿದಾಗ ಸೊಂಟ ಹಿಡಿದುಕೊಂಡಿತು. ಅಂದು ಕೆಳಗಿಟ್ಟ ಕುಂಚ ಡಬ್ಬಿಯಲ್ಲೇ ಒಣಗಿ ಕಲ್ಲಾಯಿತು. ಅತ್ತೆ ಕೂರುವ ತಗ್ಗು ಕುರ್ಚಿಯಿಂದ ಕಣ್ಣಿಗೆ ನೇರವಾಗಿ ಬೀಳುವುದು ಆ ನಾಲ್ಕನೆಯ ಖಾನೆಯೊಂದೇ. ಕಪಾಟು ಒಂದೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಕೊಳಲು ಕಲಿಯಲು ಕೂತರು. ಸ್ವರ ಹೊರಟಿತು, ಹಾಡು ಹೊರಡಲಿಲ್ಲ. ತಾರಸಿಯಲ್ಲಿ ತೋಟ ಮಾಡಹೊರಟರು. ಕುಂಡ ಬಂತು, ಮಣ್ಣು ಬಂತು, ಬೀಜ ಬರಲಿಲ್ಲ. ಅರ್ಧಕ್ಕೆ ಬಿಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಾಹೇಬರು ಅವರಿಗಿಂತ ಒಂದು ಕೈ ಮೇಲು. ಇನ್ನೇನು ಮುಗಿಯಿತು ಎನ್ನುವಲ್ಲಿಗೆ ಬಂದು ಕೈಚೆಲ್ಲುವುದು ಅವರ ವೈಶಿಷ್ಟ್ಯ. ಭಿನ್ನರಾಶಿ ಕಲಿಸುವ ಹೆಂಡತಿ ಇದನ್ನು ಸರಿಯಾಗಿ ಅಳೆದು 'ಮುಕ್ಕಾಲು' ಎಂದು ಹೆಸರಿಟ್ಟಳು.

ಹೆಸರು ಮನೆಯಲ್ಲೇ ಬಿದ್ದಿರಲಿಲ್ಲ, ಅಂಗಡಿಯವರೆಗೂ ನಡೆದು ಹೋಯಿತು. ಲೆನ್ಸ್ ಉಜ್ಜುವವನು ಫೋನೆತ್ತಿ, "ಮುಕ್ಕಾಲು ಸಾಹೇಬ್ರು ಊಟಕ್ಕೆ ಹೋಗಿದಾರೆ" ಎಂದು ಗಿರಾಕಿಗೆ ಹೇಳಿದ್ದನ್ನು, ಊಟ ಮುಗಿಸಿ ಬಾಗಿಲಲ್ಲಿ ನಿಂತಿದ್ದ ಸಾಹೇಬರು ಕಿವಿಯಾರೆ ಕೇಳಿದರು. ಆ ದಿನ ತಿಂದದ್ದು ಮೈಗೆ ಹತ್ತಲಿಲ್ಲ.

"ಏನು ಮುಗಿಸ್ತೀರಿ?" ಹೆಂಡತಿ ಕೊನೆಗೂ ಕೇಳಿದಳು.

"ಟ್ರಯಥ್ಲಾನ್."

ಬಿಸಿಲಿಗೆ ಕಪ್ಪು ಕನ್ನಡಕ ಕೊಳ್ಳಲು ಬಂದ ಗಿರಾಕಿಯೊಬ್ಬ ಆ ಹುಳುವನ್ನು ಸಾಹೇಬರ ತಲೆಗೆ ಬಿಟ್ಟುಹೋಗಿದ್ದ. ಒಂದೇ ದಿನ ಕೆರೆಯಲ್ಲಿ ಈಜಬೇಕು, ಎದ್ದು ಸೈಕಲ್ ಹತ್ತಬೇಕು, ಇಳಿದು ಓಡಬೇಕು. ಸಾಹೇಬರು ಆರಿಸಿಕೊಂಡದ್ದು ಅದರಲ್ಲೂ ದೂರದ ಪಂದ್ಯ. ಆ ದೂರವನ್ನು ಬಸ್ಸಿನಲ್ಲಿ ಹೋದರೆ ಒಂದು ಸೊಗಸಾದ ನಿದ್ದೆ ಮುಗಿಯುತ್ತದೆ. ಆಟ ಮೂರು, ಇದ್ದದ್ದು ಎರಡು ಕಾಲು, ಅದರಲ್ಲೂ ಒಂದಕ್ಕೆ ಮಂಡಿನೋವು.

ಹೆಂಡತಿ ಕೆಂಪು ಪೆನ್ನು ಕೆಳಗಿಟ್ಟಳು. "ಆ ಕಪಾಟಿನ ಕೆಳಗಿನ ಖಾನೆ ಮುಗಿಸಿದ್ರೆ ಸಾಕಾಗಲ್ವಾ?"

"ಸಾಕಾಗಲ್ಲ. ಊರೆಲ್ಲ ಬಾಯಿ ಮುಚ್ಕೋಬೇಕು, ಅಂಥದ್ದು ಬೇಕು."

"ಸರಿ. ಪೂರ್ತಿ ಮುಗಿಸಿ ಬನ್ನಿ. ಆಮೇಲೆ ನಿಮ್ಮನ್ನ ಮುಕ್ಕಾಲು ಅಂತ ಕರೆದ್ರೆ ಕೇಳಿ."

ಅವಳು ಮಾತು ಕೊಟ್ಟರೆ ತಪ್ಪುವವಳಲ್ಲ. ಸಾಹೇಬರು ಮರುದಿನವೇ ಈಜುಕೊಳಕ್ಕೆ ಹೊರಟರು.

ಜನ ಅವರಿವರಿಗೆ ನೀರು ಕುಡಿಸುತ್ತಾರೆ. ಸಾಹೇಬರು ತಮಗೆ ತಾವೇ ಕುಡಿಸಿಕೊಂಡರು. ನೀರಿಗಿಳಿಯುವಾಗ ಕನ್ನಡಕ ತೆಗೆಯಬೇಕು, ಕನ್ನಡಕ ತೆಗೆದರೆ ಕೊಳದ ಆಚೆ ದಡ ಕಾಣದು. ಗೋಡೆ ಬಂತೆಂದು ತಲೆಗೆ ಬಡಿದಾಗಲೇ ತಿಳಿಯುತ್ತಿತ್ತು. ಸೈಕಲ್ಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ನಡುಮನೆಯಲ್ಲಿ ನಿಲ್ಲಿಸಿ ತುಳಿಯತೊಡಗಿದರು. ಕೆಳಗಿನ ಮನೆಯವರು ಬಂದು, ಹಿಟ್ಟಿನ ಗಿರಣಿ ಹಾಕಿದ್ದೀರಾ ಎಂದು ವಿಚಾರಿಸಿಕೊಂಡು ಹೋದರು. ಸಾಹೇಬರು ಇಳಿದ ಕೂಡಲೇ ಅತ್ತೆ ಅದರ ಹ್ಯಾಂಡಲ್ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದರು. ಓಟದ ಪಾಡು ಇನ್ನೂ ಕಷ್ಟ. ಬೀದಿಯಲ್ಲಿ ಓಡಿದರೆ ಬೀಗ ರಿಪೇರಿಯವನು ದಿನವೂ ಕೂಗಿ, ಬಸ್ಸು ತಪ್ಪಿತಾ ಎಂದು ಕೇಳುತ್ತಿದ್ದ. ಕಾಲಿಗೆ ಬುದ್ಧಿ ಹೇಳಿದರು ಎನ್ನುತ್ತಾರಲ್ಲ, ಸಾಹೇಬರು ತಿಂಗಳುಗಟ್ಟಲೆ ಹೇಳಿದರು. ಕಾಲು ಕೇಳಿಸಿಕೊಳ್ಳಲಿಲ್ಲ.

ಎಷ್ಟೋ ಸಲ ಸ್ನಾನದಮನೆಯ ಬಾಗಿಲು ಹಾಕಿಕೊಂಡು ಬಕೆಟ್ಟಿನ ಮೇಲೆ ಕೂತು ಅವರು ನಿಜವಾಗಿ ಅತ್ತಿದ್ದಾರೆ. ಯಾಕಾದರೂ ಬಾಯಿಬಿಟ್ಟೆನೋ ಎನ್ನಿಸುತ್ತಿತ್ತು. ಆದರೆ ಎದ್ದು ಹೊರಗೆ ಬಂದರೆ ಎದುರಿಗೆ ಆ ಕಪಾಟು. ಮತ್ತೆ ಬೂಟು ಹಾಕಿಕೊಳ್ಳುತ್ತಿದ್ದರು.

ಪಂದ್ಯದ ದಿನ ಬಂದೇ ಬಂತು. ಬೆಳಕು ಹರಿಯುವ ಹೊತ್ತಿಗೆ ಕೆರೆಯ ಅಂಚಿನಲ್ಲಿ ನೂರಾರು ಜನ, ಎಲ್ಲರೂ ಸಾಹೇಬರಿಗಿಂತ ತೆಳ್ಳಗೆ. ಸೀಟಿ ಊದಿದ್ದೇ ತಡ, ನೀರು ಕುದಿಯಿತು. ಯಾರದೋ ಹಿಮ್ಮಡಿ ಸಾಹೇಬರ ದವಡೆಗೆ ಬಿತ್ತು, ಯಾರದೋ ಮೊಣಕೈ ಪಕ್ಕೆಗೆ. ಗುರುತಿಗೆಂದು ನೀರಿನಲ್ಲಿ ತೇಲಿಬಿಟ್ಟ ಹಳದಿ ಬುರುಡೆಯನ್ನು ಬಳಸಿ ತಿರುಗಬೇಕೆಂದು ಹೇಳಿದ್ದರು. ಕನ್ನಡಕವಿಲ್ಲದ ಸಾಹೇಬರು ಹಳದಿ ಕಂಡದ್ದನ್ನು ಹಿಡಿದು ಈಜಿದರು. ಅದು ಹಳದಿ ಟೋಪಿ ಹಾಕಿದ್ದ ಹೆಂಗಸೊಬ್ಬಳ ತಲೆ. ಆಕೆ ಈಜು ನಿಲ್ಲಿಸಿ, ತನ್ನ ಸುತ್ತ ಯಾಕೆ ಸುತ್ತುತ್ತಿದ್ದೀರಿ ಎಂದು ಕೇಳಿದಳು. ನಾಚಿಕೆಯಿಂದ ಮುಳುಗಿಹೋಗೋಣವೆಂದರೆ ಅದಕ್ಕೆ ಬೇರೆ ಪ್ರಯತ್ನ ಬೇಕಾಗಿರಲಿಲ್ಲ. ಹೇಗೋ ಆಕೆಯ ಹಿಂದೆಯೇ ಬುರುಡೆ ಬಳಸಿ ದಡ ಸೇರಿದರು.

ಬಟ್ಟೆ ಬದಲಿಸುವ ಡೇರೆಗೆ ಹೋಗಿ, ಕನ್ನಡಕವನ್ನು ಚೀಲದಿಂದ ತೆಗೆದು ಕುರ್ಚಿಯ ಮೇಲಿಟ್ಟು, ಕಾಲು ಒರೆಸಿಕೊಳ್ಳಲು ಅದೇ ಕುರ್ಚಿಯ ಮೇಲೆ ಕೂತರು.

ಸದ್ದು ಸಣ್ಣದು. ಆದರೆ ಆ ಸದ್ದಿನ ಬೆಲೆ ಅವರಿಗೆ ಗೊತ್ತಿತ್ತು. 'ಕನ್ನಡಕವನ್ನು ಕುರ್ಚಿಯ ಮೇಲೆ ಇಡಬೇಡಿ' ಎಂದು ತಮ್ಮ ಅಂಗಡಿಯ ಗೋಡೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ ಮಹಾನುಭಾವರು ಎರಡು ಚೂರು ಕೈಯಲ್ಲಿ ಹಿಡಿದು ಡೇರೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. ಇನ್ನು ಮುಗಿಯಿತು ಎನ್ನಿಸಿತು. ಆಮೇಲೆ ಲೆನ್ಸ್ ಉಜ್ಜುವವನ ದನಿ ನೆನಪಾಯಿತು, ಎದ್ದು ಸೈಕಲ್ ಹತ್ತಿದರು.

ದಾರಿಯೆಲ್ಲ ಕಲಸಿದ ಬಣ್ಣ. ಮುಂದೆ ಕೆಂಪಂಗಿಯವನೊಬ್ಬ ಸಮನಾಗಿ ಹೋಗುತ್ತಿದ್ದ. ಸಾಹೇಬರು ಅವನನ್ನೇ ದೇವರೆಂದು ನಂಬಿ ಹಿಂಬಾಲಿಸಿದರು. ಅವನು ತಿರುಗಿದಲ್ಲಿ ತಿರುಗಿದರು, ಇಳಿದಲ್ಲಿ ಇಳಿದರು. ಒಮ್ಮೆ ಅವನು ಪೊದೆಯ ಹಿಂದೆ ಹೋದ, ಇವರೂ ಹೋದರು. "ಇಲ್ಲೂ ಬರಬೇಕಾ ಸರ್?" ಎಂದು ಅವನು ನೊಂದುಕೊಂಡು ಕೇಳಿದ. ಬಂದದ್ದಕ್ಕೆ ತಾವೂ ಆ ಕೆಲಸ ಮುಗಿಸಿಕೊಂಡರು. ಬಿಸಿಲು ಇಳಿಮುಖವಾದಾಗ ಸೈಕಲ್ಲೂ ಮುಗಿದಿತ್ತು. ಸಾಹೇಬರಿಗೆ ನಂಬಿಕೆಯೇ ಬರಲಿಲ್ಲ. ಹುಟ್ಟಿದಾರಭ್ಯ ಎರಡು ಕೆಲಸಗಳನ್ನು ಹೀಗೆ ಒಂದರ ಹಿಂದೊಂದು ಪೂರ್ತಿ ಮಾಡಿದ್ದು ಇದೇ ಮೊದಲು.

ಉಳಿದದ್ದು ಓಟ. ಕೆರೆಯ ಸುತ್ತ ನಾಲ್ಕು ಸುತ್ತು. ಒಂದೊಂದು ಸುತ್ತು ಮುಗಿದಾಗಲೂ ಪಂದ್ಯದವರು ಕೈಗೊಂದು ಎಲಾಸ್ಟಿಕ್ ಪಟ್ಟಿ ಹಾಕುತ್ತಾರೆ. ನಾಲ್ಕು ಪಟ್ಟಿ ಬಿದ್ದವರು ಬಲಕ್ಕೆ ತಿರುಗಿ, ಕಮಾನಿನ ಕೆಳಗೆ ಹಾದು, ಪದಕ ಹಾಕಿಸಿಕೊಂಡು ಮನೆಗೆ ಹೋಗಬಹುದು. ಉಳಿದವರು ಎಡಕ್ಕೆ ತಿರುಗಿ ಮತ್ತೆ ಓಡಬೇಕು. ನಿಯಮ ಇಷ್ಟೇ.

ಮೊದಲ ಸುತ್ತು ಓಡಿದರು. ಎರಡನೆಯದನ್ನು ಓಡಿದರು ಎನ್ನುವಂತಿಲ್ಲ, ಕಾಲೆಳೆದರು. ಎರಡನೆಯ ಪಟ್ಟಿ ಕೈಗೆ ಬಿದ್ದ ಮೇಲೆ, ಎಡಕ್ಕೆ ತಿರುಗುವಲ್ಲಿ ಬೇಲಿಯಾಚೆ ಒಂದು ಕಲಸಿದ ಆಕೃತಿ ನಿಂತಿತ್ತು. ಅದು "ರೀ" ಎಂದಿತು. ಸಾಹೇಬರು ಬೇಲಿ ಹಿಡಿದು ಅಲ್ಲೇ ಕುಸಿದರು.

"ನನ್ನಿಂದಾಗಲ್ಲ ಕಣೇ. ಕಣ್ಣೂ ಕಾಣ್ತಿಲ್ಲ, ಕಾಲೂ ಬರ್ತಿಲ್ಲ. ಮನೆಗೆ ಹೋಗೋಣ. ನಾನು ಸಾಯೋ ತನಕ ನೀನು ಮುಕ್ಕಾಲು ಅಂತಲೇ ಕರಿ, ನಾನು ಓಗೊಡ್ತೀನಿ."

ಬೆಳಗಿನಿಂದ ನಿಂತೇ ಇದ್ದ ಹೆಂಡತಿ ಬೇಲಿಯ ಮೇಲೆ ಬಗ್ಗಿದಳು. ಆ ಹೆಸರಿಟ್ಟವಳು ತಾನೇ. ತನ್ನ ಜಡೆಗೆ ಸುತ್ತಿದ್ದ ಬಟ್ಟೆಯ ರಬ್ಬರ್ ಬ್ಯಾಂಡನ್ನು ಬಿಚ್ಚಿ ಅವರ ಮಣಿಕಟ್ಟಿಗೆ ಏರಿಸಿದಳು.

"ಕಣ್ಣಿಗೆ ಬೆವರು ಇಳಿದ್ರೆ ಇದರಲ್ಲಿ ಒರೆಸ್ಕೊಳ್ಳಿ. ಇದೊಂದನ್ನ ಮುಗಿಸಿಬಿಡಿ. ಆಮೇಲೆ ಜನ್ಮದಲ್ಲಿ ಇನ್ನೇನನ್ನೂ ಮುಗಿಸಬೇಡಿ, ನಾನು ಕೇಳಲ್ಲ."

ಮದುವೆಯಾದಾಗಿನಿಂದ ಅವಳು ಆಡಿದ ಮಾತುಗಳಲ್ಲಿ ಇಷ್ಟು ಮೆತ್ತಗಿನದು ಸಾಹೇಬರಿಗೆ ನೆನಪಿರಲಿಲ್ಲ. ಅವರು ಎದ್ದರು.

ಮೂರನೆಯ ಸುತ್ತು ನರಕ. ಮುದುಕರು ದಾಟಿ ಹೋದರು, ಕೆಂಪಂಗಿಯವನು ದಾಟಿ ಹೋದ, ಹಳದಿ ಟೋಪಿಯ ಹೆಂಗಸು ದಾಟಿ ಹೋಗುತ್ತ ದೂರ ಸರಿದುಕೊಂಡಳು. ಜೀವ ಬಾಯಿಗೆ ಬಂತು. ತಾನು ಯಾರು, ಎಲ್ಲಿದ್ದೇನೆ, ಇದು ಎಷ್ಟನೆಯ ಸುತ್ತು, ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ಸುತ್ತು ಮುಗಿದಾಗ ಯಾರೋ ಕೈಗೆ ಪಟ್ಟಿ ಹಾಕಿದರು. ಬಲವೋ ಎಡವೋ ಎಂದು ತಿಳಿಯದೆ ಸಾಹೇಬರು ನಿಂತು, ಮಣಿಕಟ್ಟನ್ನು ಮೂಗಿನ ಹತ್ತಿರ ತಂದು, ಬೆರಳಿನಿಂದ ತಡವಿ ಎಣಿಸಿದರು. ಒಂದು. ಎರಡು. ಮೂರು. ನಾಲ್ಕು! ಇನ್ನೊಮ್ಮೆ ಎಣಿಸಿದರು. ಆಗಲೂ ನಾಲ್ಕೇ.

ಬಲಕ್ಕೆ ತಿರುಗಿದರು. ಎಲ್ಲಿತ್ತೋ ಆ ಶಕ್ತಿ, ಓಡಿದರು. ಬೇಲಿಯಾಚೆ ಹೆಂಡತಿಯೂ ಕೂದಲು ಹಾರಿಸಿಕೊಂಡು, ಚಪ್ಪಾಳೆ ತಟ್ಟುತ್ತ ಓಡಿದಳು. ಕಮಾನು ಬಂತು, ಕುತ್ತಿಗೆಗೆ ಪದಕ ಬಿತ್ತು. ಸಾಹೇಬರು ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಗಳಗಳನೆ ಅತ್ತರು. ಹೆಂಡತಿಯೂ ಅತ್ತಳು.

ಕಂಪ್ಯೂಟರ್ ಮುಂದೆ ಕೂತಿದ್ದ ಅಧಿಕಾರಿ ಹೆಂಗಸು ಎದ್ದು ಬಂದಳು. ಕೈ ತೋರಿಸಿ ಎಂದಳು. ಸಾಹೇಬರು ಹೆಮ್ಮೆಯಿಂದ ನೀಡಿದರು.

"ಇದು ನಮ್ಮದು. ಇದೂ ನಮ್ಮದು. ಇದೂ ನಮ್ಮದೇ." ಅವಳು ನಾಲ್ಕನೆಯದನ್ನು ಎರಡು ಬೆರಳಲ್ಲಿ ಎತ್ತಿದಳು. "ಇದರಲ್ಲಿ ಕೂದಲಿದೆ ಸರ್."

ಇನ್ನೊಂದು ಸುತ್ತು ಈಗಲೇ ಓಡುತ್ತೇನೆ ಎಂದು ಸಾಹೇಬರು ಬೇಡಿಕೊಂಡರು, ಹೆಂಡತಿ ತಪ್ಪು ತನ್ನದೆಂದು ಬೇಡಿಕೊಂಡಳು. ಕಮಾನು ದಾಟಿದವರು ಮತ್ತೆ ಓಡುವಂತಿಲ್ಲವಂತೆ, ನಿಯಮವಂತೆ. ಅಧಿಕಾರಿ ಹೆಂಗಸು ಕನಿಕರದಿಂದಲೇ ಪದಕವನ್ನು ಕುತ್ತಿಗೆಯಿಂದ ತೆಗೆದುಕೊಂಡಳು. ಹೇರ್ ಬ್ಯಾಂಡನ್ನು ಮಾತ್ರ ವಾಪಸ್ಸು ಕೊಟ್ಟಳು.

ಇಬ್ಬರೂ ಮನೆಗೆ ಬಂದರು. ಬಾಗಿಲು ತೆಗೆದರೆ ಅತ್ತೆ ತಗ್ಗು ಕುರ್ಚಿಯಲ್ಲಿ ಕಾಯುತ್ತ ಕೂತಿದ್ದರು. "ಮುಗೀತಾ ಅಳಿಯಂದ್ರೇ?" ಎಂದರು. ಸಾಹೇಬರು ಬೂಟು ಬಿಚ್ಚಲು ನೆಲದ ಮೇಲೆ ಕೂತರು. ಹೆಂಡತಿಯೇ ನಡೆದದ್ದೆಲ್ಲ ಹೇಳಿದಳು, ಹೇರ್ ಬ್ಯಾಂಡಿನ ಸಮೇತ.

"ಹೇಳಿಬಿಡು," ನೆಲ ನೋಡುತ್ತಲೇ ಸಾಹೇಬರು ಅಂದರು. "ನಾಲ್ಕರಲ್ಲಿ ಮೂರು. ಆ ಹೆಸರು ನನಗೇ ಬರೆದಿದ್ದು. ನಿನ್ನ ಬಾಯಿಂದಲೇ ಕೇಳಿಬಿಡ್ತೀನಿ."

"ಹೇಳಲ್ಲ. ಲೆಕ್ಕ ತಪ್ಪಾಗುತ್ತೆ," ಎಂದಳು ಹೆಂಡತಿ. ಅವರ ಪಕ್ಕ ನೆಲದ ಮೇಲೇ ಕೂತು ಬೆರಳು ಮಡಚಿದಳು. "ಈಜಿದ್ದು ಪೂರ್ತಿ, ಒಂದು. ಸೈಕಲ್ ಪೂರ್ತಿ, ಎರಡು. ಓಟ ಮುಕ್ಕಾಲು. ಕೂಡಿಸಿ ನೋಡಿ. ನೀವಿನ್ನು ಮುಕ್ಕಾಲಲ್ಲ ರೀ. ಎರಡೂ ಮುಕ್ಕಾಲು."

ಸಾಹೇಬರು ತಲೆಯೆತ್ತಿದರು. ಇಷ್ಟು ವರ್ಷದಲ್ಲಿ ಸಿಕ್ಕ ಮೊದಲ ಬಡ್ತಿ. ಕಣ್ಣೊರೆಸಿಕೊಂಡು ನಿಧಾನವಾಗಿ ಎದೆಯುಬ್ಬಿಸಿದರು.

ಅತ್ತೆ ಒಮ್ಮೆ ಕಣ್ಣು ಕಾಣದ ಅಳಿಯನನ್ನು ನೋಡಿದರು. ಇನ್ನೊಮ್ಮೆ, ಮೂರೇ ಸುತ್ತಿಗೆ ಚಪ್ಪಾಳೆ ತಟ್ಟಿ ಬಂದಿದ್ದ, ಕೆದರಿದ ಕೂದಲಿನ, ಗಣಿತ ಕಲಿಸುವ ಮಗಳನ್ನು ನೋಡಿದರು. ಆಮೇಲೆ ಬಣ್ಣ ಕಾಣದ ನಾಲ್ಕನೆಯ ಖಾನೆಯತ್ತ ಮುಖ ತಿರುಗಿಸಿಕೊಂಡರು.

"ಸರಿಯಾಗೇ ಹೇಳ್ದೆ ಕಣೇ," ಎಂದರು. "ಎರಡೂ ಮುಕ್ಕಾಲೇ."