ಅರ್ಧ ಬಂತು

"ನಮ್ಮನೆ ಗಂಡಸರಿಗೆ ಬಿಚ್ಚೋದು ಬರುತ್ತೆ ಮಾರಾಯ್ತಿ, ಜೋಡಿಸೋದು ಬರಲ್ಲ. ಸ್ಪ್ಯಾನರ್ ಒಂದು ಕೈಗೆ ಕೊಡಬೇಡ."

ಇದನ್ನು ನನಗೆ ಮೊದಲು ಹೇಳಿದ್ದು ಭದ್ರಾವತಿಯ ನಮ್ಮ ಅತ್ತಿಗೆ, ಯಜಮಾನರ ಅಕ್ಕ. ಮದುವೆಯಾದ ಹೊಸತು, ನಾನು ನಕ್ಕಿದ್ದೆ. ಆಮೇಲೆ ಮಿಕ್ಸಿ ಹೋಯಿತು, ಗೋಡೆ ಗಡಿಯಾರ ಹೋಯಿತು, ಒಂದು ಇಸ್ತ್ರಿಪೆಟ್ಟಿಗೆ ಇವತ್ತಿಗೂ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಮಲಗಿದೆ. ಇಂಥವು ನಮ್ಮಲ್ಲಿ ನಡೆಯುತ್ತಲೇ ಇರುತ್ತವೆ, ನಕ್ಕು ಮರೆಯುತ್ತೇವೆ. ಕಾರಿನದ್ದು ಮಾತ್ರ ಎಷ್ಟು ನಕ್ಕರೂ ಮರೆಯಲಾಗಿಲ್ಲ.

ಅದು ನಮ್ಮ ಮಾವನ ಕಾರು. ಮಾವ ತೀರಿಕೊಂಡ ಮೇಲೆ ಕಾರು ಶಿವಮೊಗ್ಗದ ರವೀಂದ್ರನಗರದಲ್ಲಿರುವ ನಮ್ಮ ಮನೆ ಸೇರಿತು. ಅತ್ತೆ ಭದ್ರಾವತಿಯಲ್ಲಿ ಮಗಳ ಮನೆ ಸೇರಿದರು. ಎಷ್ಟು ಕರೆದರೂ ನಮ್ಮಲ್ಲಿಗೆ ಬಂದವರಲ್ಲ. ಆ ತಿಂಗಳ ಕೊನೆಗೆ ಕಾರಿನ ಆರ್‌ಸಿ ಮುಗಿಯುತ್ತೆ, ಗುಜರಿಗೆ ಹಾಕ್ತೀವಿ ಅಂದಾಗ ಮಾತ್ರ ಅವರೇ ಫೋನ್ ಮಾಡಿದರು.

"ಒಂದ್ಸಲ ಅದರಲ್ಲೇ ಕೂತು ನಿಮ್ಮನೆಗೆ ಬರ್ತೀನಿ ಕಣಮ್ಮ. ಮುಂದಿನ ಸೀಟಲ್ಲಿ."

ಭಾನುವಾರ ಕರೆತರುವುದೆಂದಾಯಿತು. ಶನಿವಾರ ಬೆಳಿಗ್ಗೆ ಕಾರು ಕೆಮ್ಮತೊಡಗಿತು. "ಸ್ಪಾರ್ಕ್ ಪ್ಲಗ್ ಹೋಗಿದೆ, ಅಷ್ಟೇ. ಬಲ್ಬ್ ಬದಲಾಯಿಸಿದ ಹಾಗೆ," ಎಂದು ಇವರು ಕೆಮ್ಮುವ ಕಾರನ್ನೇ ಓಡಿಸಿಕೊಂಡು ಅಂಗಡಿಗೆ ಹೋಗಿ ಹೊಸ ಪ್ಲಗ್ ತಂದರು. ಜೊತೆಗೆ ಒಂದು ಹೊಸ ಸ್ಪ್ಯಾನರ್.

ಎಣ್ಣೆ

ಹಳೇ ಪ್ಲಗ್ ಇಂಜಿನ್ನಿಗೆ ಕಚ್ಚಿಕೊಂಡು ಕೂತಿತ್ತು. ಇವರು ಮಾಚೇನಹಳ್ಳಿಯ ನಮ್ಮ ಮೆಕ್ಯಾನಿಕ್ ಭಾಯ್‌ಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ.

"ಬುಡಕ್ಕೆ ಒಂಚೂರು ಎಣ್ಣೆ ಬಿಡಿ ಸಾರ್. ಇಂಜಿನ್ ಪೂರಾ ತಣ್ಣಗಾಗೋವರೆಗೂ ಮುಟ್ಬೇಡಿ. ಜಬರ್ದಸ್ತಿ ಬೇಡ."

ಇವರ ಕಿವಿಗೆ ಬಿದ್ದದ್ದು ಎಣ್ಣೆ ಒಂದೇ.

"ಎಣ್ಣೆ ಕೊಡೇ!"

"ಯಾವ ಎಣ್ಣೆ?"

"ಎಣ್ಣೆ ಅಂದ್ರೆ ಎಣ್ಣೆ ಮಾರಾಯ್ತಿ!"

ಹಿಂದಿನ ದಿನ ಬಜ್ಜಿ ಕರಿದು ಉಳಿದದ್ದಿತ್ತು, ಕೊಟ್ಟೆ. ಬಿಸಿ ಇಂಜಿನ್ನಿಗೆ ಬಿದ್ದದ್ದೇ ತಡ, ಬೀದಿಯೆಲ್ಲ ಮೆಣಸಿನಕಾಯಿ ಬಜ್ಜಿಯ ಘಮ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಗೇಟಿಗೆ ಬಂದು ನಿಂತರು.

"ಏನ್ರೀ, ಬಾನೆಟ್ಟಿನೊಳಗೆ ಬಜ್ಜಿ?"

"ಪ್ಲಗ್ ಬಿಚ್ತಾ ಇದೀನಿ ಸಾರ್."

"ಬಿಚ್ಚಿ, ಬಿಚ್ಚಿ. ಬೆಂದ ಮೇಲೆ ಕರೀರಿ."

ನೀರು

ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು "ಬಂತಾ?" ಅಂದರೆ ಒಂದೇ ಅರ್ಥ, ನಲ್ಲಿ ನೀರು ಬಂತಾ ಅಂತ. ಬೇರೆ ಮಾತೇ ಸೇರಿಸಬೇಕಿಲ್ಲ. ಪಕ್ಕದ ಮನೆ ಆಂಟಿ ಮಾಳಿಗೆಯಿಂದ ಬಗ್ಗಿ ಇವರನ್ನು ಕೇಳಿದರು:

"ಬಂತಾ?"

ಇವರು ಬಾನೆಟ್ಟಿನಿಂದ ತಲೆ ಎತ್ತದೆ, "ಇನ್ನೂ ಇಲ್ಲ ಆಂಟಿ," ಅಂದರು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಬಂತಾ?"

"ಅಲ್ಲಾಡ್ತಾನೇ ಇಲ್ಲ!"

ಆಂಟಿ ನೀರು ಬರೋ ಮುಂಚೆ ಅಲುಗೋ ಪೈಪೇ ಇನ್ನೂ ಅಲ್ಲಾಡ್ತಿಲ್ಲ ಅಂದುಕೊಂಡು ನಿಶ್ಚಿಂತೆಯಿಂದ ಒಳಗೆ ಹೋಗಿ ಟಿವಿ ಹಾಕಿದರು. ಅಷ್ಟರಲ್ಲಿ ನೀರು ಬಂದು, ಉಳಿದ ಮನೆಗಳ ಸಂಪು ತುಂಬಿಸಿ, ಹೋಗಿಯೂ ಆಯಿತು.

ಇತ್ತ ಇವರು ಇಂಜಿನ್ ತಣ್ಣಗಾಗಲು ಬಿಡದೆ, ಕಾಲನ್ನು ಬಂಪರಿಗೆ ಒತ್ತಿ, ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ಜಗ್ಗಿದರು. 'ಟಕ್' ಎಂದು ಸದ್ದಾಯಿತು.

"ಬಂತು! ಬಂತು!"

ಆಂಟಿ ಬಿಂದಿಗೆ ಹಿಡಿದು ಓಡಿ ಬಂದು ನಲ್ಲಿ ತಿರುಗಿಸಿದರು. ಬುಸ್ಸೆಂದು ಗಾಳಿ ಬಂತು. ನಾನು ಓಡಿ ಹೋಗಿ ನೋಡಿದರೆ ಇವರ ಕೈಯಲ್ಲಿ ಪ್ಲಗ್ಗಿನ ಮೇಲಿನ ಬಿಳೀ ತುಂಡು ಮಾತ್ರ ಇತ್ತು. ತಿರುಪಿನ ಥ್ರೆಡ್ ಇರುವ ಕೆಳಗಿನ ತುಂಡು ಮುರಿದು ಒಳಗೇ ಉಳಿದಿತ್ತು.

"ಎಲ್ರೀ ಬಂತು?" ಎಂದು ಆಂಟಿ ಕಾಂಪೌಂಡಿನಾಚೆಯಿಂದ ಕೂಗಿದರು.

ಇವರು ತುಂಡನ್ನೇ ನೋಡುತ್ತಾ, "ಅರ್ಧ ಬಂತು ಆಂಟಿ," ಅಂದರು.

ಮುಂದಿನ ಸೀಟು

ಸಂಜೆ ಭಾಯ್ ಬಂದು ಕಾರಿಗೆ ಹಗ್ಗ ಕಟ್ಟಿ ಮಾಚೇನಹಳ್ಳಿಗೆ ಎಳೆದುಕೊಂಡು ಹೋದರು. "ಇಂಜಿನ್ ಹೆಡ್ಡೇ ಬಿಚ್ಚಿ ಇಳಿಸ್ಬೇಕು ಸಾರ್, ನಾಳೆಗೆ ಆಗಲ್ಲ." ಇವರು ಅಮ್ಮನಿಗೆ ಫೋನ್ ಮಾಡಿ ತೊದಲಿದರು. ಆ ಕಡೆಯಿಂದ ಅತ್ತಿಗೆ ಕೂಗಿದ್ದು ನನಗೆ ಕೇಳಿಸಿತು: "ಸ್ಪ್ಯಾನರ್ ಕೊಟ್ಟೋರ್ಯಾರು ಅವನಿಗೆ?"

ಅತ್ತೆ ಮಾತ್ರ, "ಅದು ಬರದಿದ್ರೆ ನಾನೇ ಅಲ್ಲಿಗೆ ಬರ್ತೀನಿ," ಅಂದರು.

ಭಾನುವಾರ ಅತ್ತೆ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಧರಿಸಿ, ಅತ್ತಿಗೆ ಜೊತೆ ಆಟೋದಲ್ಲಿ, ನಾವಿಬ್ಬರೂ ಕಾಯುತ್ತಿದ್ದ ಭಾಯ್ ಗ್ಯಾರೇಜಿಗೆ ಬಂದಿಳಿದರು. ಭಾಯ್ ಮುಂದಿನ ಸೀಟು ಒರೆಸಿ, "ಬನ್ನಿ ಅಮ್ಮಾ, ಕೂತ್ಕೊಳ್ಳಿ," ಎಂದು ಬಾಗಿಲು ಹಿಡಿದರು. ಅತ್ತೆ ಕೂತು ಮಗನಿಗೆ ಸ್ಟೇರಿಂಗ್ ತೋರಿಸಿದರು. "ಹತ್ತು." ನಾನೂ ಅತ್ತಿಗೆಯೂ ಹಿಂದೆ ಕೂತೆವು. ಎದುರಿಗೆ ಎತ್ತಿ ನಿಲ್ಲಿಸಿದ ಬಾನೆಟ್ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅದರಾಚೆ ಭಾಯ್ ಕುಟ್ಟುವಾಗೆಲ್ಲ ಕಾರು ಸಣ್ಣಗೆ ಅಲುಗುತ್ತಿತ್ತು. ಅತ್ತೆ ಡ್ಯಾಶ್‌ಬೋರ್ಡನ್ನು ಸೆರಗಿನಿಂದ ಒರೆಸಿದರು, ಮಾವ ಪಕ್ಕದಲ್ಲಿದ್ದಾಗ ಒರಗುತ್ತಿದ್ದ ಹಾಗೆ ಒರಗಿದರು. ಆ ಅಲುಗಾಟಕ್ಕೆ ಕಣ್ಣು ಹತ್ತಿತು.

ಸ್ವಲ್ಪ ಹೊತ್ತಿಗೆ ಬೆಚ್ಚಿ ಎದ್ದು ಕೇಳಿದರು: "ಶಿವಮೊಗ್ಗ ಬಂತಾ?"

ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಮಾಚೇನಹಳ್ಳಿ ಇರುವುದು ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ. ಇವರು ಸ್ಟೇರಿಂಗ್ ನೋಡುತ್ತಾ ಹೇಳಿದರು:

"ಅರ್ಧ ಬಂತಮ್ಮ."

ಅತ್ತೆಗೆ ಪೂರ್ತಿ ಎಚ್ಚರವಾಯಿತು. ಬಾನೆಟ್ ನೋಡಿದರು, ಮಗನನ್ನು ನೋಡಿದರು.

"ನಿಮ್ಮಪ್ಪನೂ ಹಿಂಗೇ ಕಣೋ. ಅರ್ಧ ದಾರೀಲಿ ಇಳಿಸಿ ಹೋದ್ರು."

ಇವರು ಸ್ಟೇರಿಂಗಿಗೆ ಹಣೆ ಕೊಟ್ಟರು. 'ಪೋಂ' ಎಂದು ಹಾರನ್ ಹೊಡೆಯಿತು, ಬಾನೆಟ್ ಒಳಗಿದ್ದ ಭಾಯ್ "ಯಾ ಅಲ್ಲಾ!" ಎಂದು ಹಾರಿಬಿದ್ದರು. ಮೊದಲು ನಕ್ಕಿದ್ದು ಅತ್ತೆ. "ನಿಮ್ಮಪ್ಪ ಹಾರನ್ನೂ ಹೊಡೀದೆ ಹೋದ್ರು," ಅಂದರು, ಕಣ್ಣೊರೆಸಿಕೊಳ್ಳುತ್ತಾ.

ಅದೇ ಆಟೋದಲ್ಲಿ ಅವರು ಭದ್ರಾವತಿಗೆ ಮರಳಿದರು. ಕಾರು ಗುಜರಿಗೆ ಹೋಯಿತು. ಅತ್ತೆ ನಮ್ಮನೆಗೆ ಇನ್ನೂ ಬಂದಿಲ್ಲ. ನಾವು ಕರೆದಾಗೆಲ್ಲ, "ಅರ್ಧ ಬಂದಿದೀನಲ್ಲ," ಅನ್ನುತ್ತಾರೆ.

ನಿಮ್ಮ ಪೈಕಿ ಯಾರ ಮನೆಯಲ್ಲಾದರೂ ಗಂಡಸರು ಬಾನೆಟ್ ಎತ್ತಿ ನಿಂತಿದ್ದರೆ ಅತ್ತಿಗೆಯ ಮಾತನ್ನು ಅಲ್ಲಿಗೂ ದಾಟಿಸಿಬಿಡಿ. ಇಂಜಿನ್ ಬಿಸಿಯಿರುವಾಗಲೇ ಹೇಳಿ, ತಣ್ಣಗಾದ ಮೇಲೆ ಹೇಳಿ ಪ್ರಯೋಜನವಿಲ್ಲ.